ಹುಲ್ಲುಗರುವಿನ ಪಾಠ

ಅವರು ತೀರಿಕೊಂಡ ಸುದ್ದಿ ಬಂದಾಗ ನಾನು ಮೊಟ್ಟೆ ಸುಲಿಯುತ್ತಿದ್ದೆ. ಶಾಲೆಯ ಮಧ್ಯಾಹ್ನದ ಊಟದ ಮೊಟ್ಟೆ. ಫೋನ್ ಮಾಡಿದವರು ಅವರ ಅಣ್ಣ. "ತಂಗಚ್ಚಿ ಹೋಗ್ಬುಟ್ಳು, ಸಾರ್" ಅಂದು ಫೋನ್ ಇಟ್ಟರು. ಒಂದೇ ಗೋಡೆಯ ಆಚೀಚೆ ವಾಸವಿದ್ದ ಆ ಅಣ್ಣ ತಂಗಿ ಮಾತು ಬಿಟ್ಟು ಮೂರು ವರ್ಷವಾಗಿತ್ತು. ನಾನು ಅರ್ಧ ಸುಲಿದ ಮೊಟ್ಟೆ ಹಿಡಿದು ನಿಂತೆ. ತಿನ್ನಲು ಮನಸ್ಸಾಗಲಿಲ್ಲ, ಎಸೆಯಲು ಧೈರ್ಯವಾಗಲಿಲ್ಲ. ಸತ್ತ ಮೇಲೂ ನನ್ನ ಊಟಕ್ಕೆ ಅಡ್ಡ ಬಂದರಲ್ಲ ಅಂತ ಸಿಟ್ಟೂ ಬಂತು.

ಅವರ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಅಣ್ಣ ಇನ್ನೂ ಅದೇ ಬೀದಿಯಲ್ಲಿದ್ದಾರೆ, ಆ ಬೀದಿಯಲ್ಲಿ ನಾನು ದಿನಾ ಓಡಾಡಬೇಕು. ಮಕ್ಕಳಿಗೆ ಅವರು ಟೀಚರ್, ನನಗೆ ಅಕ್ಕ. ತಮಿಳು ಸೀಮೆಯ ಕೊಂಬೈಯಿಂದ ಪಶ್ಚಿಮಕ್ಕೆ, ಘಟ್ಟದ ಬುಡಕ್ಕೆ ಒತ್ತಿಕೊಂಡಿರುವ ಊರಿನ ಪ್ರಾಥಮಿಕ ಶಾಲೆಗೆ ಅವರು ಮುಖ್ಯೋಪಾಧ್ಯಾಯಿನಿ. ಅವರ ಕೈಕೆಳಗಿದ್ದ ಒಬ್ಬನೇ ಒಬ್ಬ ಮೇಷ್ಟ್ರು ನಾನು. ಐದು ತರಗತಿ, ಎರಡು ಕೋಣೆ, ಮೂವತ್ತು ಚಿಲ್ಲರೆ ಮಕ್ಕಳು. ನಾನು ಬತ್ತಲಗುಂಡಿನ ಬಸ್ ಸ್ಟ್ಯಾಂಡಿನ ಗಲಾಟೆಯಲ್ಲಿ ಬೆಳೆದವನು. ಇಲ್ಲಿಗೆ ವರ್ಗವಾಗಿ ಬಂದಾಗ ಹಿಂದಿನಿಂದ ನೋಡಿದರೆ ಹಸು ಯಾವುದು ಎತ್ತು ಯಾವುದು ತಿಳಿಯುತ್ತಿರಲಿಲ್ಲ. ಅಕ್ಕ ಇದನ್ನು ಮೊದಲ ದಿನವೇ ಕಂಡುಹಿಡಿದು ಮೂವತ್ತು ಮಕ್ಕಳಿಗೂ ಹೇಳಿಬಿಟ್ಟರು.

ನಾವಿಬ್ಬರೂ ಮನೆಯಲ್ಲಿ ಕನ್ನಡ ಆಡುವ ಜನ. ಯಾವುದೋ ಕಾಲದಲ್ಲಿ ದನ ಹೊಡೆದುಕೊಂಡು ಈ ಕಣಿವೆಗೆ ಇಳಿದವರ ಸಂತತಿ. ಶಾಲೆಯಲ್ಲಿ ಪಾಠ ತಮಿಳಿನಲ್ಲೇ. ಅಕ್ಕನೂ ಲೆಕ್ಕ, ವಿಜ್ಞಾನ ಎಲ್ಲವನ್ನೂ ತಮಿಳಿನಲ್ಲೇ ಕಲಿಸುತ್ತಿದ್ದರು. ದನದ ವಿಷಯ ಬಂದಾಗ ಮಾತ್ರ ದನಿ ತಗ್ಗಿಸಿ ನಮ್ಮ ಮನೆಮಾತಿಗೆ ಹೊರಳುತ್ತಿದ್ದರು. ಈಗಿನ ಮಕ್ಕಳಿಗೆ ಅದು ಅರ್ಧಂಬರ್ಧ ಗೊತ್ತು. ಆದರೂ ಆ ಹೊತ್ತಿನಲ್ಲಿ ಒಂದು ಮಗುವೂ ಕಾಲು ಅಲ್ಲಾಡಿಸುತ್ತಿರಲಿಲ್ಲ.

ಕುಳ್ಳಗೆ, ಅಗಲ ಹಣೆಯ ಹೆಂಗಸು. ರೆಪ್ಪೆ ಬಡಿಯುವುದು ಬಹಳ ಕಡಿಮೆ. ಚಿನ್ನಾಳಪಟ್ಟಿ ನೇಯ್ಗೆಯ ಸೀರೆಗಳನ್ನೇ ಉಡುತ್ತಿದ್ದರು, ಅದರಲ್ಲೂ ಎರಡೇ ಬಣ್ಣ, ಕಂದು ಮತ್ತು ಬೂದು. "ಯಾಕಕ್ಕಾ, ಅಂಗಡೀಲಿ ಬೇರೆ ಬಣ್ಣ ಇರ್ನಿಲ್ವಾ?" ಅಂತ ಒಮ್ಮೆ ರೇಗಿಸಿದೆ. "ಹಸುಗೋಳು ಬೆದರಬಾರ್ದಲ್ಲ ತಂಬಿ" ಅಂದರು, ತಮಾಷೆಯ ಸುಳಿವೇ ಇಲ್ಲದೆ. ನಡೆದರೆ ಸದ್ದಾಗುತ್ತಿರಲಿಲ್ಲ. ನಾನು ಹಾಜರಿ ಪುಸ್ತಕ ಬರೆಯುತ್ತಾ ಕೂತಿದ್ದರೆ ಬೆನ್ನ ಹಿಂದೆ ಯಾರೋ ಉಸಿರು ಬಿಟ್ಟಂತಾಗುತ್ತಿತ್ತು, ತಿರುಗಿದರೆ ಅವರು. ಹನ್ನೊಂದು ವರ್ಷ ಜೊತೆಗಿದ್ದೂ ಅದು ನನಗೆ ಅಭ್ಯಾಸವಾಗಲಿಲ್ಲ.

ಊಟದ ಗಂಟೆ ಹೊಡೆದರೆ ಮಕ್ಕಳು ತಟ್ಟೆ ಮುಂದಿಟ್ಟುಕೊಂಡು ಕೂರಬೇಕು, ಕೈ ಹಾಕುವಂತಿಲ್ಲ. ಅಕ್ಕ ಸಾಲಿನ ನಡುವೆ ನಡೆಯುತ್ತಾ ಕೇಳುತ್ತಿದ್ದರು, "ಇವತ್ತು ತಟ್ಟೇಲಿ ಯಾರ್ ಯಾರವ್ರೆ?" ಏನಿದೆ ಅಂತಲ್ಲ, ಯಾರಿದ್ದಾರೆ ಅಂತ. ಮಕ್ಕಳು ಒಬ್ಬೊಬ್ಬರಾಗಿ ಒಪ್ಪಿಸುತ್ತಿದ್ದರು. ಅನ್ನದಲ್ಲಿ ನಾಟಿ ಹಾಕಿದ ಹೆಂಗಸರಿದ್ದಾರೆ. ಆ ಗದ್ದೆಗೆ ಗೊಬ್ಬರ ಕೊಟ್ಟ ಹಸುಗಳಿದ್ದಾವೆ. ಬೇಳೆಯಲ್ಲಿ ಇರುವವರು ದೂರದವರು, ನಮಗೆ ಪರಿಚಯವಿಲ್ಲ. ಮೊಟ್ಟೆಯಲ್ಲಿ ನಾಮಕ್ಕಲ್ಲಿನ ಒಂದು ಕೋಳಿ ಇದೆ.

"ಅದ್ರ ಹೆಸ್ರೇನು?"

"ಹೆಸ್ರಿಲ್ಲ ಟೀಚರ್."

"ಹಂಗಾದ್ರೆ ನಿಧಾನಕ್ಕೆ ತಿನ್ನಿ."

ಮೊದಲ ದಿನ ನಾನು ಸೆರಗಿಲ್ಲದವನು ಕರವಸ್ತ್ರ ಬಾಯಿಗಿಟ್ಟುಕೊಂಡು ನಕ್ಕಿದ್ದೆ. ಎರಡನೇ ವಾರದ ಹೊತ್ತಿಗೆ ಮೊಟ್ಟೆ ಕೈಯಲ್ಲಿ ಬೆಚ್ಚಗಿರುವುದೇ ನನಗೆ ಕಸಿವಿಸಿ. ಮನೆಯಲ್ಲಿ ಹೆಂಡತಿ ಸಾರು ಬಡಿಸಿದರೆ ತಟ್ಟೆಯನ್ನೇ ನೋಡುತ್ತಾ ಕೂರುತ್ತಿದ್ದೆ. "ಏನು, ಹುಳ ಬಿದ್ದಿದೆಯಾ?" ಅಂತ ಅವಳು ಬಗ್ಗಿ ನೋಡುತ್ತಿದ್ದಳು.

ಮೆಲುಕು ಹಾಕುವ ಪಾಠದ ದಿನವನ್ನಂತೂ ಮರೆಯಲಾರೆ. ಪಕ್ಕದ ಕೋಣೆಯಲ್ಲಿ ನಾನು ನಾಲ್ಕು ಐದನೇ ತರಗತಿಗೆ ಭಿನ್ನರಾಶಿ ಹೇಳುತ್ತಿದ್ದೆ. ಇದ್ದಕ್ಕಿದ್ದಂತೆ ಗೋಡೆಯ ಆಚೆಯ ಗದ್ದಲ ಪೂರ್ತಿ ನಿಂತುಹೋಯಿತು. ಚಿಕ್ಕ ಮಕ್ಕಳ ಕೋಣೆ ಅಷ್ಟು ಸುಮ್ಮನಾದರೆ ಯಾವ ಮೇಷ್ಟ್ರಿಗಾದರೂ ಎದೆ ಧಸಕ್ಕೆನ್ನುತ್ತದೆ. ಹೋಗಿ ಇಣುಕಿದೆ. ಮಕ್ಕಳೆಲ್ಲ ಕಣ್ಣು ಮುಚ್ಚಿ ನೆಲದ ಮೇಲೆ ಕೂತಿದ್ದಾರೆ. ಪ್ರತಿಯೊಬ್ಬರ ಬಾಯಲ್ಲೂ ಒಂದು ತುತ್ತು. ದವಡೆಗಳು ಒಂದೇ ಲಯದಲ್ಲಿ ಎಡಕ್ಕೆ ಬಲಕ್ಕೆ ಹೊರಳುತ್ತಿವೆ. ಅವರ ನಡುವೆ ಅಕ್ಕ, ಅವರದೂ ಕಣ್ಣು ಮುಚ್ಚಿದೆ, ದವಡೆ ಆಡುತ್ತಿದೆ. ನಾನು ಕರೆದೆ. ಯಾರೂ ಕಣ್ಣು ತೆರೆಯಲಿಲ್ಲ. ಮತ್ತೆ ಕರೆಯಲು ಧೈರ್ಯ ಸಾಲದೆ ನನ್ನ ಭಿನ್ನರಾಶಿಗೆ ವಾಪಸು ಬಂದೆ.

ಶುಕ್ರವಾರ ಸಂಜೆ ಮಕ್ಕಳನ್ನು ದನದ ದೊಡ್ಡಿಗೆ ಕರೆದೊಯ್ಯುತ್ತಿದ್ದರು. ಹಸುವಿನ ಎಡ ಪಕ್ಕೆಗೆ ಕಿವಿ ಇಟ್ಟು ಕೇಳಬೇಕು. ಒಳಗೆ ಹುಲ್ಲು ಹಾಲಾಗುವ ಸದ್ದು ಕೇಳುತ್ತದೆ ಅಂತ. ನನಗೂ ಕೇಳಿಸಿದರು. ಎಲ್ಲೋ ಆಳದಲ್ಲಿ ಭಾರವಾದುದೇನೋ ಉರುಳಿ, ನಿಂತು, ಮತ್ತೆ ಉರುಳಿತು. "ಏನ್ ಕೇಳಿಸ್ತು ತಂಬಿ?" ಅಂದರು. ಹೊಟ್ಟೆಯ ಗುಡುಗುಡು ಅಂದೆ. ಪಕ್ಕದಲ್ಲಿದ್ದ ಒಂದನೇ ತರಗತಿಯ ಹುಡುಗಿ, "ಇಲ್ಲ ಸಾರ್, ಒಳಗೆ ಯಾರೋ ನಡೀತಾವ್ರೆ" ಅಂದಳು. ಅಕ್ಕ ಅವಳ ತಲೆ ಸವರಿದರು, ನನ್ನ ಕಡೆ ತಿರುಗಿಯೂ ನೋಡಲಿಲ್ಲ.

ಅವರಿಗೊಂದು ನೇಮವಿತ್ತು. ತಾವಾಗಿ ಎಲ್ಲವನ್ನೂ ಹೇಳುತ್ತಿರಲಿಲ್ಲ. ಆದರೆ ಮಗು ಬಾಯಿ ಬಿಟ್ಟು ಕೇಳಿದರೆ ಇದ್ದದ್ದನ್ನು ಇದ್ದ ಹಾಗೆ ಹೇಳಬೇಕು. ಒಂದು ಸಲ ಮೂರನೇ ತರಗತಿಯ ಒಬ್ಬ, "ಹೆಣ್ಣು ಕರು ದೊಡ್ಡಿಯಲ್ಲಿ ಉಳೀತದೆ, ಜೆರ್ಸಿ ಹಸುವಿನ ಗಂಡು ಕರು ಎಲ್ಲಿಗೆ ಹೋಗ್ತದೆ ಟೀಚರ್?" ಅಂದ. ನಾನಾಗಿದ್ದರೆ ಅಜ್ಜಿ ಮನೆಗೆ ಅನ್ನುತ್ತಿದ್ದೆ. ಅಕ್ಕ ಅಂದರು, "ಲಾರಿ ಹತ್ತಿ ಘಟ್ಟದ ಆಚೆಗೆ. ಅಲ್ಲಿ ಅದನ್ನ ತಿಂತಾರೆ. ತಿನ್ನೋರ ಮೇಲೆ ಕೋಪ ಮಾಡ್ಕಬ್ಯಾಡಿ, ಲಾರಿ ಹತ್ತಿಸೋರು ನಾವೇ." ಮಾರನೆಯ ದಿನ ನಾಲ್ಕು ಮಂದಿ ತಂದೆತಾಯಿ ಜಗಳಕ್ಕೆ ಬಂದರು. ಮಕ್ಕಳು ರಾತ್ರಿಯೆಲ್ಲ ಅತ್ತವಂತೆ. "ಕೇಳಿದ್ರು, ಹೇಳ್ದೆ" ಅಂದರು ಅಕ್ಕ, ಅಷ್ಟೇ. ಅವರನ್ನು ಸಮಾಧಾನ ಮಾಡಿ ಟೀ ಕುಡಿಸಿ ಕಳಿಸಿದವನು ನಾನು.

ಇನ್ನು ಅವರ ಮನೆತನದ ವಿಷಯ ಹೇಳಬೇಕು, ಹೇಳದಿದ್ದರೆ ಮುಂದಿನದು ತಿಳಿಯುವುದಿಲ್ಲ. ಆ ಊರಿನಲ್ಲಿ ದೇವರ ಮಂದೆ ಅಂತ ಇದೆ. ಹರಕೆ ಹೊತ್ತವರು ಬಿಟ್ಟ ನಾಟಿ ದನಗಳು, ಅವುಗಳ ಮರಿಮಕ್ಕಳು, ಎಲ್ಲ ಸೇರಿ ನೂರರ ಹತ್ತಿರ. ಅವುಗಳ ಹಾಲನ್ನು ಮನುಷ್ಯರು ಕರೆಯುವುದಿಲ್ಲ, ಅದು ಪೂರ್ತಿ ಕರುವಿನ ಪಾಲು. ದೊಡ್ಡಿಯೊಳಗೆ ಚಪ್ಪಲಿ ಮೆಟ್ಟುವಂತಿಲ್ಲ. ಮಂದೆಯ ದನ ಸತ್ತರೆ ಅದರ ಚರ್ಮಕ್ಕೆ ಕತ್ತಿ ತಾಗಿಸುವಂತಿಲ್ಲ. ಹೊಸ ಬಟ್ಟೆ ಹೊದಿಸಿ, ಬಾಯಿಗೆ ಅಕ್ಕಿ ಹಾಕಿ ಹೂಳಬೇಕು. ಈ ಮಂದೆ ಕಾಯುವ ಕೋಲು ತಲೆತಲಾಂತರದಿಂದ ಅಕ್ಕನ ಮನೆಯಲ್ಲಿತ್ತು. ಆಗ ಅದನ್ನು ಹಿಡಿದಿದ್ದವರು ಅವರ ಅಣ್ಣ. ಉದ್ದನೆಯ, ನಾಚಿಕೆ ಸ್ವಭಾವದ ಮನುಷ್ಯ. ದನಗಳ ಜೊತೆ ಮಾತಾಡುವುದರ ಅರ್ಧದಷ್ಟನ್ನೂ ಮನುಷ್ಯರ ಜೊತೆ ಆಡಿದವರಲ್ಲ. ಮದುವೆಯಾಗಿರಲಿಲ್ಲ. ಅಕ್ಕನೂ ಗಂಡನನ್ನು ಕಳೆದುಕೊಂಡು ತವರಿಗೆ ಬಂದವರು. ಅಣ್ಣನಿಗೆ ಆ ಕೋಲು ಬಿಟ್ಟರೆ ಈ ಲೋಕದಲ್ಲಿ ಬೇರೆ ಏನೂ ಇರಲಿಲ್ಲ.

ಚರ್ಮಗಂಟು ರೋಗ ಈ ಕಡೆಗೂ ಬಂದ ವರ್ಷ ಅದು. ಎರಡನೇ ತರಗತಿಯಲ್ಲಿ ಕವಿತಾ ಅಂತ ಒಬ್ಬಳಿದ್ದಳು, ಗಾಳಿಗೆ ಹಾರಿಹೋಗುವಷ್ಟು ಬಡಕಲು. ತಂದೆ ಇಲ್ಲ. ತಾಯಿ ಬೆಳಕು ಹರಿಯುವ ಮುಂಚೆ ಜೀಪು ಹತ್ತಿ ಘಟ್ಟದ ಮೇಲಿನ ಏಲಕ್ಕಿ ತೋಟಕ್ಕೆ ಹೋದರೆ ಬರುವುದು ಸಂಜೆಗೆ. ಮನೆಯಲ್ಲಿ ಅಜ್ಜಿ, ಒಂದು ಕೆಂಪು ಹಸು. ಬೆಳಗ್ಗೆ ಒಂದು ಲೋಟ, ಸಂಜೆ ಒಂದು ಲೋಟ ಹಾಲು, ಆ ಹುಡುಗಿ ಓಡಾಡುತ್ತಿದ್ದುದೇ ಅದರ ಬಲದ ಮೇಲೆ. ಅಜ್ಜಿಯ ಬೆರಳು ಸೊಟ್ಟಗಾಗಿದ್ದರಿಂದ ಅಕ್ಕನ ಅಣ್ಣನೇ ಮಂದೆಗೆ ಹೋಗುವ ದಾರಿಯಲ್ಲಿ ನಿಂತು ಹಾಲು ಕರೆದುಕೊಟ್ಟು ಹೋಗುತ್ತಿದ್ದರು. ಆ ಕೆಂಪು ಹಸುವಿನ ಎಳೆಗರು ರೋಗಕ್ಕೆ ಸತ್ತಿತು. ದನದ ಡಾಕ್ಟರು ಮುಟ್ಟಲೂ ಬಿಡದೆ ಸುಣ್ಣ ಸುರಿಸಿ ಹೂಳಿಸಿದರು. ಕರುವಿಲ್ಲದ ಹಸು ಹಾಲನ್ನು ಮೇಲಕ್ಕೆಳೆದುಕೊಂಡಿತು. ಎಷ್ಟು ನೀವಿದರೂ ಸೊರೆ ಬಿಡಲಿಲ್ಲ.

ಹತ್ತು ದಿನ ಕಳೆದ ಮೇಲೆ ಆ ಮನೆಗೆ ಒಂದು ಹುಲ್ಲುಗರು ಬಂತು. ಸತ್ತ ಕರುವಿನ ಚರ್ಮಕ್ಕೆ ಒಣಹುಲ್ಲು ತುಂಬಿ, ಬಿದಿರಿನ ಕಾಲು ಕೊಟ್ಟು, ಉಪ್ಪು ಬೆಲ್ಲ ಸವರಿ ಹಸುವಿನ ಮುಂದೆ ನಿಲ್ಲಿಸುತ್ತಾರೆ. ಹಸು ಅದನ್ನು ನೆಕ್ಕುತ್ತಾ ಹಾಲಿಳಿಸುತ್ತದೆ. ಹಳೆಯ ಪದ್ಧತಿ, ನಮ್ಮ ಕಡೆ ಈಗಲೂ ಅಲ್ಲಲ್ಲಿ ಇದೆ. ಬತ್ತಲಗುಂಡು ಸಂತೆಯಿಂದ ತಂದೆ ಅಂತ ಅಣ್ಣ ಆ ಅಜ್ಜಿಗೆ ಹೇಳಿದ್ದರು. ಹಸು ಮತ್ತೆ ಹಾಲು ಕೊಟ್ಟಿತು.

ಆಡಿ ತಿಂಗಳಲ್ಲಿ, ಅಂದರೆ ಆಷಾಢದಲ್ಲಿ, ಒಂದು ದಿನ ಅಕ್ಕ ಮಕ್ಕಳಿಗೆ, ನಿಮ್ಮ ಮನೆಯ ಊಟ ಎಲ್ಲಿಂದ ಬರುತ್ತದೆ ಅಂತ ತೋರಿಸುವ ಒಂದು ವಸ್ತು ತನ್ನಿ ಅಂದರು. ಕುಡುಗೋಲು ಬಂತು, ಮೊರ ಬಂತು, ದ್ರಾಕ್ಷಿ ಕೀಳುವ ಕತ್ತರಿ ಬಂತು. ಒಬ್ಬ ರೇಷನ್ ಕಾರ್ಡನ್ನೇ ತಂದಿದ್ದ. ಅಕ್ಕ ಅವನಿಗೆ ಭೇಷ್ ಅಂದರು. ಕವಿತಾ ಹುಲ್ಲುಗರುವನ್ನು ತಲೆಯ ಮೇಲೆ ಹೊತ್ತು ತಂದಳು. ಅಜ್ಜಿ ಹಿಂದಿನಿಂದ ಅದರ ಕಾಲು ಹಿಡಿದುಕೊಂಡಿದ್ದಳು.

ಮೇಜಿನ ಮೇಲೆ ನಿಲ್ಲಿಸಿದರು. ಕಂದು ಚರ್ಮ, ಹಣೆಯ ಮೇಲೆ ಬಿಳಿ ಮಚ್ಚೆ, ಕಣ್ಣಿರಬೇಕಾದ ಜಾಗದಲ್ಲಿ ದಾರದ ಹೊಲಿಗೆ. ನಾನು ಸುಮ್ಮನಿರಲಾರದೆ ಕುತ್ತಿಗೆ ಮುಟ್ಟಿದೆ. ಒದ್ದೆಯಾಗಿತ್ತು. ಬೆಳಗ್ಗೆ ತಾನೇ ನೆಕ್ಕಿಸಿಕೊಂಡು ಬಂದಿತ್ತು. ಕೈಯನ್ನು ಪಂಚೆಗೆ ಎಷ್ಟು ಒರೆಸಿಕೊಂಡರೂ ಆ ಅಂಟು ಹೋಗಲಿಲ್ಲ. ಮಕ್ಕಳು ಮಾತ್ರ ಸಾಲಾಗಿ ಬಂದು ಮುಟ್ಟಿ ಹೋದರು. "ಇದ್ರ ಪಾಲನ್ನ ನಾವು ಕುಡೀತಾ ಇದ್ದೀವಿ" ಅಂದರು ಅಕ್ಕ. "ಪಾವಂ, ಸತ್ತ ಮೇಲೂ ನಮ್ಗೋಸ್ಕರ ಕೆಲ್ಸ ಮಾಡ್ತಾ ಐತೆ." ಒಂದು ಮಗು ಅದಕ್ಕೆ ಕೈ ಮುಗಿಯಿತು. ಮಿಕ್ಕವೂ ಮುಗಿದವು.

ಶಾಲೆ ಬಿಟ್ಟರೂ ಅಜ್ಜಿ ಬರುವುದು ತಡವಾಯಿತು. ಕರು ಮೇಜಿನ ಮೇಲೇ ಇತ್ತು. ನಾವಿಬ್ಬರೂ ರಿಜಿಸ್ಟರ್ ಬರೆಯುತ್ತಿದ್ದೆವು, ಹೊರಗೆ ಒಂದಷ್ಟು ಮಕ್ಕಳು ಆಡುತ್ತಿದ್ದರು. ಆಡಿ ಗಾಳಿ ಘಟ್ಟದ ಸಂದಿನಿಂದ ನುಗ್ಗಿ ಕಿಟಕಿಯ ಬಾಗಿಲು ಬಡಿಯುತ್ತಿತ್ತು. ದೇವರ ಮಂದೆ ಬೆಟ್ಟದಿಂದ ಇಳಿದು ದಿನದಂತೆ ಶಾಲೆಯ ಮುಂದೆ ಹಾದು ಊರ ಕಡೆ ಹೋಯಿತು. ಗೊರಸಿನ ಸದ್ದು ದೂರವಾಯಿತು. ಆಮೇಲೆ ನಿಂತಿತು. ಆಮೇಲೆ ಅದೇ ಸದ್ದು ಹತ್ತಿರವಾಗತೊಡಗಿತು.

ನಾನು ಹೊರಗೆ ಬಂದೆ. ಶಾಲೆ ದಾಟಿ ಹೋದ ನೂರು ದನ ತಿರುಗಿ ಬರುತ್ತಿದ್ದವು, ಗಾಳಿಗೆ ಎದುರಾಗಿ, ಮೂಗು ಮೇಲೆತ್ತಿ. ಮುಂದೆ ಒಂದು ಕಂದು ಹಸು, ಅದರ ಹಣೆಯ ಮೇಲೆ ಬಿಳಿ ಮಚ್ಚೆ. ಗೇಟಿನ ಮುಂದೆ ಬಂದು ನಿಂತಿತು. ಮಿಕ್ಕವು ಅದರ ಹಿಂದೆ, ಅಕ್ಕಪಕ್ಕ, ಬೇಲಿಯ ಉದ್ದಕ್ಕೂ ನಿಂತವು. ಮಚ್ಚೆಯ ಹಸು ಒಂದು ಸಲ ಕೂಗಿತು. ದನ ಕೂಗುವುದನ್ನು ನಾನು ಹನ್ನೊಂದು ವರ್ಷ ಕೇಳಿದ್ದೇನೆ, ಅದು ಆ ಕೂಗಲ್ಲ. ಆಮೇಲೆ ಎಲ್ಲವೂ ಕೂಗಿದವು. ಆಡುತ್ತಿದ್ದ ಮಕ್ಕಳು ಓಡಿ ಬಂದು ನನ್ನ ಪಂಚೆ ಹಿಡಿದುಕೊಂಡರು. ನಿಜ ಹೇಳಬೇಕೆಂದರೆ ನಾನೂ ಅವರನ್ನು ಹಿಡಿದುಕೊಂಡಿದ್ದೆ.

ಮಂದೆಯ ಹಿಂದೆ ಅಣ್ಣ ಕೋಲು ಹಿಡಿದು ನಿಂತಿದ್ದರು. ಓಡಿಸುವ ಪ್ರಯತ್ನವನ್ನೇ ಮಾಡಲಿಲ್ಲ. ಸದ್ದು ಕೇಳಿ ಊರಿನ ಹಿರಿಯರು ಓಡಿ ಬಂದರು. "ಏನಯ್ಯಾ, ಯಾಕಿಂಗೆ ನಿಂತವೆ?" ಅಂದರು. "ಹಾವುಗೀವು ಇರ್ಬೇಕು, ಮಾಮಾ" ಅಂದರು ಅಣ್ಣ. ಹಾಗೆ ಹೇಳುವಾಗ ಅವರು ನೋಡಿದ್ದು ಶಾಲೆಯ ಬಾಗಿಲಲ್ಲಿ ನಿಂತಿದ್ದ ತಂಗಿಯ ಕಡೆಗೆ.

ಅಕ್ಕ ಒಳಗೆ ಹೋದರು. ಕರುವನ್ನು ಸೆರಗಿನಲ್ಲಿ ಸುತ್ತಿ ಹಿಂಬಾಗಿಲಿನಿಂದ ಇಳಿದು ಗೋಡೆಯ ಮರೆಯಲ್ಲೇ ಕವಿತಾಳ ಮನೆಯ ಕಡೆ ನಡೆದುಹೋದರು. ಮುಂದಿದ್ದ ದನಗಳಿಗೆ ಅವರು ಕಾಣುವಂತಿರಲಿಲ್ಲ. ಆದರೂ ಅವರು ನಡೆದಂತೆ ನೂರು ತಲೆಗಳು ಒಟ್ಟಿಗೆ, ನಿಧಾನವಾಗಿ, ಬಲಕ್ಕೆ ತಿರುಗಿದವು. ನಾನು ಇದನ್ನು ಕಣ್ಣಾರೆ ಕಂಡಿದ್ದೇನೆ. ಗಾಳಿಗೆ ವಾಸನೆ ಹಿಡಿದಿರಬೇಕು ಅಂತ ವಿಜ್ಞಾನ ಕಲಿಸುವ ಮೇಷ್ಟ್ರಾಗಿ ನನಗೆ ನಾನೇ ಹೇಳಿಕೊಂಡಿದ್ದೇನೆ, ಅದು ನಿಜವೂ ಇರಬಹುದು. ಆವತ್ತು ರಾತ್ರಿ ದೀಪ ಆರಿಸಿ ಮಲಗಲು ಮಾತ್ರ ನನ್ನಿಂದಾಗಲಿಲ್ಲ.

ಮಾರನೆಯ ಬೆಳಗ್ಗೆ ಅಕ್ಕ ನನಗಿಂತ ಮುಂಚೆ ಬಂದು ಜಗಲಿಯಲ್ಲಿ ಕೂತಿದ್ದರು. ಎಲ್ಲವನ್ನೂ ಹೇಳಿದರು. ಅಣ್ಣ ಒಪ್ಪಿಕೊಂಡಿದ್ದಾರೆ. ಹಳ್ಳಕ್ಕೆ ಬಿದ್ದು ಸತ್ತ ದೇವರ ಕರುವಿನ ಚರ್ಮವನ್ನು ಬಿಡಿಸಿಕೊಂಡು ಉಳಿದದ್ದನ್ನು ಮಾತ್ರ ಹೂತಿದ್ದರು. ಕವಿತಾಳ ಹಾಲಿಗೋಸ್ಕರ. ಯಾರಿಗೂ ಹೇಳಬೇಡ ಅಂತ ತಂಗಿಯ ಮುಂದೆ ನೆಲ ಮುಟ್ಟಿ ಬೇಡಿಕೊಂಡಿದ್ದರು.

"ನೀವೇನಂದ್ರಿ?"

"ಯಾರೂ ಕೇಳದೆ ಇದ್ರೆ ನಾನಾಗಿ ಹೇಳಕ್ಕಿಲ್ಲ ಅಂದೆ."

"ಮಕ್ಕಳು ಕೇಳಿದ್ರೆ?"

"ಇವತ್ತೊಂದಿನ ಯಾರೂ ಕೇಳ್ದಂಗೆ ನೋಡ್ಕ, ತಂಬಿ" ಅಂದರು.

ನನ್ನ ಕೈಲಾದದ್ದನ್ನೆಲ್ಲ ಮಾಡಿದೆ. ಎರಡೂ ಕೋಣೆಯ ಮಕ್ಕಳನ್ನು ಬಯಲಿಗೆ ಇಳಿಸಿ ಕವಾಯತು ಮಾಡಿಸಿದೆ. ಹಾಡಿಸಿದೆ. ಓಟದ ಪಂದ್ಯ ಇಟ್ಟೆ. ಆ ಗಾಳಿಯಲ್ಲಿ ಧೂಳು ತಿಂದು ಅವರಿಗೂ ನನಗೂ ಸಾಕಾಯಿತು. ಕೊನೆಗೆ ಒಳಗೆ ಕೂರಿಸಲೇಬೇಕಾಯಿತು. ಕೂರುತ್ತಿದ್ದಂತೆ ಕವಿತಾ ಎದ್ದು ನಿಂತಳು. "ಟೀಚರ್, ನಮ್ಮ ಹುಲ್ಲುಗರು ಯಾರು?"

ಬಾಗಿಲಲ್ಲಿ ನಿಂತಿದ್ದ ನಾನು ಬೇಡ ಅಂತ ಕೈಯಾಡಿಸಿದೆ. "ಸಂತೆಯದ್ದು ಕಣಮ್ಮಾ, ಸಂತೆಯದ್ದು" ಅಂತ ಅಲ್ಲಿಂದಲೇ ಕೂಗಿಯೂಬಿಟ್ಟೆ. ಮಕ್ಕಳು ನನ್ನ ಕಡೆ ತಿರುಗಲಿಲ್ಲ. ಅಕ್ಕನನ್ನೇ ನೋಡುತ್ತಿದ್ದರು. ಅಕ್ಕ ಸೀಮೆಸುಣ್ಣ ಕೆಳಗಿಟ್ಟರು. ದಿನಾ ಊಟದ ಹೊತ್ತಿಗೆ ಅವರು ಆ ಮಕ್ಕಳಿಗೆ ಕಲಿಸಿದ್ದೇ ಆ ಒಂದು ಪ್ರಶ್ನೆಯನ್ನು.

"ದೇವರ ಮಂದೆಯ ಕರು" ಅಂದರು. "ನಿನ್ನೆ ಮುಂದೆ ನಿಂತಿದ್ಲಲ್ಲ, ಅವಳ ಮಗ. ನಮ್ಮಣ್ಣ ಚರ್ಮ ತೆಗ್ದವ್ರೆ. ನಿನ್ನ ಹಾಲಿಗೆ ಅಂತ. ತಪ್ಪು. ಆದ್ರೂ ಮಾಡವ್ರೆ."

ಊಟದ ಗಂಟೆಗೆ ಮುಂಚೆಯೇ ಊರಿಗೆಲ್ಲ ಗೊತ್ತಾಗಿತ್ತು. ಹಿರಿಯರು ಸೇರಿದರು. ಅಣ್ಣ ಒಂದು ಮಾತೂ ಎದುರಾಡದೆ ಕೋಲನ್ನು ತಂದು ದೊಡ್ಡಿಯ ಬಾಗಿಲಿಗೆ ಒರಗಿಸಿ ಮನೆಗೆ ಹೋದರು. ಕೋಲು ದಾಯಾದಿಗಳ ಮನೆಗೆ ಹೋಯಿತು. ಹುಲ್ಲುಗರುವಿಗೆ ಹೊಸ ಬಟ್ಟೆ ಹೊದಿಸಿ, ಹೊಲಿದ ಬಾಯಿ ಬಿಚ್ಚಿ ಅಕ್ಕಿ ಹಾಕಿ, ಹೂತರು. ದೊಡ್ಡಿಯಲ್ಲಿ ದನಗಳು ಆಮೇಲೆ ಸದ್ದು ಮಾಡಲಿಲ್ಲವಂತೆ. ಅಣ್ಣ ತಂಗಿಯ ಮಾತು ಅವತ್ತಿಗೆ ನಿಂತಿತು.

ನನಗೆ ಅಕ್ಕನ ಮೇಲೆ ಬಂದ ಕೋಪ ಅಷ್ಟಿಷ್ಟಲ್ಲ. ಇದೆಂಥ ಸತ್ಯ, ಇದೆಂಥ ಹಟ? ಒಡಹುಟ್ಟಿದವನ ಬಾಳನ್ನು ಏಳು ವರ್ಷದ ಮಗುವಿನ ಒಂದು ಪ್ರಶ್ನೆಗೆ ಬಲಿ ಕೊಡುವುದೆ? ಕೆಲಸದ ಮಾತು ಬಿಟ್ಟು ನಾನೂ ಅವರ ಜೊತೆ ಮಾತು ನಿಲ್ಲಿಸಿದೆ. ಅವರು ನನ್ನನ್ನು ಮಾತಾಡಿಸುವ ಪ್ರಯತ್ನ ಮಾಡಲಿಲ್ಲ. ಎಡಗೈಗೆ ಬಟ್ಟೆ ಸುತ್ತಿಕೊಂಡು ಶಾಲೆಗೆ ಬರತೊಡಗಿದರು. ಏನಾಯಿತು ಅಂತ ನಾನು ಕೇಳಲಿಲ್ಲ, ಕೇಳಿದ್ದರೆ ಹೇಳುತ್ತಿದ್ದರು.

ನನ್ನ ಮನಸ್ಸಿನಲ್ಲಿ ಒಂದೇ ಯೋಚನೆ. ಕರುವನ್ನೇನೋ ಹೂತರು, ಆ ಹುಡುಗಿಗೆ ಹಾಲೆಲ್ಲಿಂದ ಬರುತ್ತದೆ? ಅವಳ ಮನೆಗೆ ಹೋಗಿ, ಒಣಗಿದ ಕೆಚ್ಚಲನ್ನು ಕಣ್ಣಾರೆ ನೋಡಿಕೊಂಡು ಬಂದು, ನಿಮ್ಮ ಸತ್ಯಕ್ಕೆ ಆದದ್ದೇನು ಗೊತ್ತಾ ಅಂತ ಅಕ್ಕನ ಮುಖಕ್ಕೆ ಹೇಳಬೇಕು ಅಂದುಕೊಂಡೆ. ಹಾಲು ಕರೆಯುವ ಹೊತ್ತಿಗೇ ಹೋದೆ. ಏಲಕ್ಕಿ ತೋಟದ ಜೀಪುಗಳು ಆಗಷ್ಟೇ ಹೋಗಿದ್ದವು, ಘಟ್ಟದ ಮೇಲೆ ಬೆಳಕು ಬಿಳಿಚಿಕೊಳ್ಳುತ್ತಿತ್ತು.

ಮನೆಯ ಹಿಂದಿನ ಚಪ್ಪರದಲ್ಲಿ ಕೆಂಪು ಹಸು ನಿಂತಿತ್ತು. ಅದರ ಮುಂದೆ ಕಂದು ಬಣ್ಣದ್ದು ಏನೋ ಕುಳಿತಿತ್ತು. ಹಸು ತಲೆ ಬಗ್ಗಿಸಿ ಅದನ್ನು ನೆಕ್ಕುತ್ತಿತ್ತು. ಹೂತ ಕರು ಎದ್ದು ಬಂದಿದೆ ಅಂದುಕೊಂಡೆ. ಆಮೇಲೆ ಆ ಕಂದು ಬಣ್ಣದ್ದು ತಲೆ ಎತ್ತಿತು. ಅಗಲ ಹಣೆ, ಬಡಿಯದ ರೆಪ್ಪೆ.

ಅಕ್ಕ ನೆಲದ ಮೇಲೆ ಕಾಲು ಮಡಚಿ ಕೂತಿದ್ದರು. ಎಡಗೈಯ ಬಟ್ಟೆ ಬಿಚ್ಚಿತ್ತು. ಮೊಣಕೈವರೆಗೆ ಉಪ್ಪು ಸವರಿಕೊಂಡಿದ್ದರು. ಹಸುವಿನ ಒರಟು ನಾಲಿಗೆ ಅದರ ಮೇಲೆ ಹೋಗಿ ಬರುತ್ತಿತ್ತು. ಚರ್ಮ ಕಿತ್ತು ಕೆಂಪಗಾಗಿತ್ತು, ಅಲ್ಲಲ್ಲಿ ಕಪ್ಪು ಹಕ್ಕಳೆ. ಪ್ರತಿ ಸಲ ನಾಲಿಗೆ ತಾಗಿದಾಗಲೂ ಅವರು ಉಸಿರು ಬಿಗಿಹಿಡಿಯುತ್ತಿದ್ದರು. ಕೈ ಹಿಂದಕ್ಕೆಳೆಯಲಿಲ್ಲ. ಹಸುವಿನ ಹೊಟ್ಟೆಯ ಆ ಬದಿಯಲ್ಲಿ, ತಂಗಿಯ ಮುಖ ಕಾಣದ ಕಡೆ, ಅಣ್ಣ ಕುಕ್ಕರುಗಾಲಲ್ಲಿ ಕೂತು ಹಾಲು ಕರೆಯುತ್ತಿದ್ದರು. ತಂಬಿಗೆಯಲ್ಲಿ ನೊರೆ ಏಳುತ್ತಿತ್ತು. ಇಬ್ಬರಲ್ಲಿ ಯಾರೂ ಒಂದು ಮಾತೂ ಆಡುತ್ತಿರಲಿಲ್ಲ. ಆಮೇಲೆ ತಿಳಿಯಿತು, ಎರಡು ಹೊತ್ತೂ ಹೀಗೇ. ಆ ಹಸು ಗಬ್ಬವಾಗಿ ಹಾಲು ಬತ್ತಿಸುವವರೆಗೂ ಹೀಗೇ ನಡೆಯಿತು.

ಕವಿತಾ ಲೋಟ ಹಿಡಿದು ಕಂಬಕ್ಕೆ ಒರಗಿ ನಿಂತಿದ್ದಳು. ನನ್ನನ್ನು ನೋಡಿಯೂ ನೋಡದವಳಂತೆ ಕೇಳಿದಳು, "ಟೀಚರ್, ನೀವು ಕರು ಅಲ್ಲ ಅಂತ ಇವ್ಳಿಗೆ ಗೊತ್ತಾ?"

"ಗೊತ್ತು" ಅಂದರು ಅಕ್ಕ.

"ಮತ್ಯಾಕೆ ನೆಕ್ತಾಳೆ?"

ಅಕ್ಕನ ಕಣ್ಣಿನಿಂದ ನೀರು ಇಳಿದು ಉಪ್ಪಿನ ಕೈಯ ಮೇಲೆ ಬಿತ್ತು, ಹಸು ಅದನ್ನೂ ನೆಕ್ಕಿತು. ಆ ಬದಿಯಲ್ಲಿ ಹಾಲು ಕರೆಯುವ ಸದ್ದು ನಿಂತಿತು.

"ಮಗ ಹೋದ್ರೂ ನಾಲಿಗೆ ಸುಮ್ನಿರಕ್ಕಿಲ್ಲ ಕಣವ್ವಾ" ಅಂದರು ಅಣ್ಣ, ಹಸುವಿನ ಹೊಟ್ಟೆಯ ಮರೆಯಿಂದ. "ನೆಕ್ಕಾಕೆ ಅಂತ ಒಬ್ರು ಬೇಕಲ್ಲ."

ಸ್ವಲ್ಪ ಹೊತ್ತಿನ ಮೇಲೆ ತಂಬಿಗೆಯಲ್ಲಿ ಮತ್ತೆ ಹಾಲು ಬೀಳತೊಡಗಿತು.